ಕಿತ್ತು ನೋಡುವ ಅತ್ತೆ

ನನ್ನ ಹಾಸ್ಯ ಭಾಷಣಕ್ಕೆ ಜನ ನಗುವುದು ಅಪರೂಪ. ಆದರೆ ಆ ಶಾಲೆಯ ವಾರ್ಷಿಕ ಸಮಾರಂಭದಲ್ಲಿ ನಾನು ಬಾಯಿ ತೆರೆಯುವ ಮೊದಲೇ ಸಭೆ ಬಿದ್ದು ಬಿದ್ದು ನಕ್ಕಿತು. ನಿಜವಾಗಿ ಬಿದ್ದವನು ಮಾತ್ರ ನಾನೊಬ್ಬನೇ.

ಮುಖ್ಯೋಪಾಧ್ಯಾಯಿನಿಯವರು ಮೈಕಿನ ಮುಂದೆ ನಿಂತು ನನ್ನನ್ನು ಪರಿಚಯಿಸುತ್ತಿದ್ದರು. 'ಪತ್ರಿಕೆಯಲ್ಲಿ ಪ್ರತಿ ವಾರ ನಮ್ಮನ್ನು ನಗಿಸುವ ತೂಕದ ಲೇಖಕರು' ಎಂದರು. ಹೊಗಳಿಕೆ ಕಿವಿಗೆ ಬಿದ್ದರೆ ನನ್ನ ಬೆನ್ನು ತಾನಾಗಿ ಹಿಂದಕ್ಕೆ ವಾಲುತ್ತದೆ. ಮುಖಕ್ಕೆ ಒಂದಿಷ್ಟು ವಿನಯ ತಂದುಕೊಂಡು ಕುರ್ಚಿಗೆ ಒರಗಿದೆ. ಟಪ್ ಎಂದಿತು. ಕುರ್ಚಿಯ ಬೆನ್ನಿನ ತಗಡು ಕಳಚಿಕೊಂಡು ಹಿಂದಕ್ಕೆ ಬಿತ್ತು. ಅದರ ಬೆನ್ನಿಗೇ ನಾನೂ ಹೋದೆ. ಸಭಿಕರಿಗೆ ಆಮೇಲೆ ಕಂಡದ್ದು ಮೇಜಿನ ಅಂಚಿನಲ್ಲಿ ಎದ್ದು ನಿಂತ ನನ್ನ ಎರಡು ಕಾಲು ಮಾತ್ರ. ಅದರಲ್ಲೂ ಒಂದಕ್ಕೇ ಚಪ್ಪಲಿ ಇತ್ತು. ಇನ್ನೊಂದು ಹೂಗುಚ್ಛದ ಮಧ್ಯೆ ಸಿಕ್ಕಿತು. ಎದ್ದು ನಿಂತು ನಾನು ಮಾಡಿದ ಭಾಷಣಕ್ಕೆ ಯಾರೂ ನಗಲಿಲ್ಲ. ಮೊದಲ ಸಾಲಿನ ಮಗುವೊಂದು ಮಾತ್ರ ಕೊನೆಯವರೆಗೂ ಕಾದು, "ಇನ್ನೊಂದ್ಸಲ ಬೀಳಲ್ವಾ?" ಎಂದು ಕೇಳಿತು.

ಮನೆಗೆ ಬಂದು ಸೊಂಟ ಹಿಡಿದುಕೊಂಡು ಕತೆ ಹೇಳಿದೆ. ಹೆಂಡತಿ, "ಅಯ್ಯೋ, ಪೆಟ್ಟಾಯ್ತಾ?" ಎಂದಳು. ಅವಳ ಅಮ್ಮ, ಅಂದರೆ ನಮ್ಮ ಅತ್ತೆ, ಕೇಳಿದ್ದೇ ಬೇರೆ.

"ಕುರ್ಚಿ ಎಲ್ಲಿ?"

"ಯಾವ ಕುರ್ಚಿ ಅತ್ತೆ?"

"ನೀವು ಬಿದ್ರಲ್ಲ, ಅದು."

"ಅಲ್ಲೇ ಇರತ್ತೆ. ನನ್ನ ಸೊಂಟ—"

"ಸೊಂಟ ಎಲ್ಲಿಗೂ ಹೋಗಲ್ಲ. ಕುರ್ಚಿನ ಗುಜರಿಗೆ ಹಾಕ್ಬಿಡ್ತಾರೆ. ಹೋಗಿ ತಗೊಂಬನ್ನಿ ಅಳಿಯಂದ್ರೇ."

ಹೋದೆ. ನಾನು ಮನೆ ಅಳಿಯ. ಮದುವೆಯಾದಾಗ, ಮನೆ ಸಿಗುವವರೆಗೆ ಸ್ವಲ್ಪ ದಿನ ಇರುತ್ತೇವೆಂದು ಅತ್ತೆಯ ಮನೆಗೆ ಬಂದವನು. ನನ್ನ ಕೂದಲು ಅರ್ಧ ಬೆಳ್ಳಗಾದರೂ ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಮನೆ ಅಳಿಯನಾದವನಿಗೆ ಕೃತಜ್ಞತೆ ಒಂದು ಗುಣವಲ್ಲ, ಉದ್ಯೋಗ. ಆದರೂ ಈ ಬರಹದಲ್ಲಿ ಹೇಳುತ್ತಿರುವ ಕೃತಜ್ಞತೆ ಉದ್ಯೋಗದ ವೇಳೆಯ ಹೊರಗಿನದು ಎಂದು ಓದುಗರು ನಂಬಬೇಕು.

ನಮ್ಮ ಅತ್ತೆ ಸ್ಪಾಟ್ ವೆಲ್ಡಿಂಗ್ ಯಂತ್ರಗಳ ಸೆಟ್ಟರ್. ತಗಡಿನ ಕುರ್ಚಿ, ಬೀರು, ಕಪಾಟು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಎರಡು ತಗಡನ್ನು ಒಂದರ ಮೇಲೊಂದು ಇಟ್ಟು, ಎರಡು ತಾಮ್ರದ ತುದಿಗಳ ನಡುವೆ ಒತ್ತಿ ಹಿಡಿದು, ಭಾರಿ ಕರೆಂಟನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಹಾಯಿಸಿದರೆ, ಒಳಗೆ ಆ ಒಂದು ಚುಕ್ಕೆಯಲ್ಲಿ ತಗಡು ಕರಗಿ ಒಂದಾಗುತ್ತದೆ. ಅಂಟಿಲ್ಲ, ಮೊಳೆಯಿಲ್ಲ. ಎಷ್ಟು ಒತ್ತಬೇಕು, ಎಷ್ಟು ಕಾಯಿಸಬೇಕು, ಎಷ್ಟು ಹೊತ್ತು ಬಿಡದೆ ಹಿಡಿದಿರಬೇಕು ಎಂಬುದನ್ನು ಯಂತ್ರದ ಪಕ್ಕದ ಪ್ಯಾನೆಲ್‌ನಲ್ಲಿ ಮೊದಲೇ ಹೇಳಿಡಬೇಕು. ಹಾಗೆ ಹೇಳಿಡುವುದೇ ಅತ್ತೆಯ ಕೆಲಸ. ಹೇಳಿಡುವುದರಲ್ಲಿ ಅವರಿಗೆ ಮನೆಯಲ್ಲೂ ಒಳ್ಳೆಯ ಅಭ್ಯಾಸವಿದೆ.

"ಕಾಯಿಸೋದು ಯಾರಿಗಾದ್ರೂ ಬರತ್ತೆ," ಎಂದು ಅವರು ಒಮ್ಮೆ ನನಗೆ ಪಾಠ ಮಾಡಿದ್ದರು. "ಕರೆಂಟ್ ನಿಂತ ಮೇಲೂ ಸ್ವಲ್ಪ ಹೊತ್ತು ಬಿಡದೆ ಒತ್ತಿ ಹಿಡ್ಕೊಂಡಿರ್ಬೇಕು. ಒಳಗಡೆ ಕರಗಿದ್ದು ಗಟ್ಟಿಯಾಗೋದು ಆವಾಗ. ಅವಸರದೋರು ಅಲ್ಲೇ ಬಿಟ್ಬಿಡ್ತಾರೆ."

ಅವರು ಕಾರ್ಖಾನೆಗೆ ಸೇರಿದ್ದು ಪ್ಯಾಕಿಂಗ್ ಮೇಜಿಗೆ. ಡಬ್ಬಕ್ಕೆ ತುಂಬುವ ಮೊದಲು ಪ್ರತಿಯೊಂದನ್ನೂ ಜಗ್ಗಿ ನೋಡುತ್ತಿದ್ದರಂತೆ. ಜಗ್ಗಿದ್ದು ಕಿತ್ತು ಬಂದರೆ ಹಿಂದಕ್ಕೆ ಕಳಿಸುತ್ತಿದ್ದರು. ಹಿಂದೆ ಬಂದ ರಾಶಿ ನೋಡಿ ಆಗಿನ ಸೆಟ್ಟರ್ ಮುದುಕ ಕೆರಳಿ, "ಅಷ್ಟು ಗೊತ್ತಿದ್ರೆ ನೀನೇ ಬಂದು ಮಾಡಮ್ಮ!" ಎಂದು ಕೂಗಿದನಂತೆ. ಇವರು ಕೈ ತೊಳೆದುಕೊಂಡು ಹೋಗಿಯೇ ಬಿಟ್ಟರು. ಮುದುಕ ಬೈಯುತ್ತಲೇ ಕಲಿಸಿದ. ಅವನ ಬೈಗುಳ ಅತ್ತೆಗೆ ಈಗಲೂ ಬಾಯಿಪಾಠ. ಸಂದರ್ಭ ಬಂದಾಗ ನನಗೆ ಒಪ್ಪಿಸುತ್ತಾರೆ.

ಜಗ್ಗುವ ಚಟ ಮಾತ್ರ ಹೋಗಲಿಲ್ಲ. ಸೆಟ್ಟರ್ ಆದ ಮೇಲೆ ಅದೇ ಕೆಲಸವಾಯಿತು. ಬೆಳಿಗ್ಗೆ ಪ್ರತಿ ಯಂತ್ರದಿಂದ ಬಂದ ಮೊದಲ ಪೀಸನ್ನು ಇಕ್ಕಳದಲ್ಲಿ ಹಿಡಿದು, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಸುಲಿಯುತ್ತಾರೆ. ಬೆಸುಗೆ ಸರಿಯಾಗಿದ್ದರೆ ಅದು ಬಿಡುವುದಿಲ್ಲ. ತಗಡೇ ಹರಿದು ತೂತಾಗುತ್ತದೆ. ತೂತು ಕಂಡರೆ ಅತ್ತೆಗೆ ಸಂತೋಷ. ಜಗತ್ತಿನಲ್ಲಿ ತೂತು ಕಂಡು ಸಂತೋಷಪಡುವ ಹೆಂಗಸನ್ನು ನಾನು ಬೇರೆ ನೋಡಿಲ್ಲ. ಅಂಗಡಿಗೆ ಹೋದರೂ ಅಷ್ಟೇ: ಚೀಲದ ಹಿಡಿ, ಅಂಗಿಯ ಗುಂಡಿ, ಚಪ್ಪಲಿಯ ಪಟ್ಟಿ, ಎಲ್ಲ ಜಗ್ಗಬೇಕು. ಚಪ್ಪಲಿ ಅಂಗಡಿಯವನು ಅವರನ್ನು ದೂರದಿಂದ ಕಂಡರೆ ಹೊಸ ಮಾಲನ್ನು ಮೇಲಿನ ಅಟ್ಟಕ್ಕೆ ಸಾಗಿಸುತ್ತಾನೆ.

ನನ್ನನ್ನೂ ಜಗ್ಗಿ ನೋಡಿದ್ದರು, ಹುಡುಗಿ ಕೇಳಲು ಹೋದ ದಿನ.

"ಕೋಪ ಬಂದ್ರೆ ಏನ್ಮಾಡ್ತೀರಿ?"

"ಬರೀತೀನಿ."

"ಅದನ್ನ ಯಾರು ಓದ್ತಾರೆ?"

"ಅಷ್ಟಾಗಿ ಯಾರೂ ಇಲ್ಲ."

"ಸರಿ. ಅಪಾಯ ಇಲ್ಲ," ಎಂದು ಒಳಗೆ ಹೋಗಿ ಮಗಳನ್ನು ಕರೆತಂದರು.

ಇಂಥ ಅತ್ತೆಯ ಮುಂದೆ ಮುರಿದ ಕುರ್ಚಿಯನ್ನು ಆಟೋದಲ್ಲಿ ತಂದು ಇಳಿಸಿದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿದರು. ಅಡಿಯಲ್ಲಿ ಅವರದೇ ಕಾರ್ಖಾನೆಯ ಮುದ್ರೆ. ಕಳಚಿದ ತಗಡನ್ನು ಬೆರಳಿನಿಂದ ಸವರಿದರು. ಬೆಸುಗೆ ಇದ್ದ ಕಡೆ ದುಂಡಗಿನ ಗುರುತುಗಳಿದ್ದವು, ನುಣ್ಣಗೆ. ಒಂದೇ ಒಂದು ತೂತಿಲ್ಲ.

"ಅಂಟ್ಕೊಂಡಿತ್ತು ಅಷ್ಟೆ," ಎಂದರು. "ಕೂಡೇ ಇಲ್ಲ. ಕರೆಂಟ್ ಸಾಕಾಗಿಲ್ಲ." ಕನ್ನಡಕ ತೆಗೆದು, "ಈ ಕುರ್ಚಿ ಮೇಲೆ ಮಕ್ಕಳು ಕೂತ್ಕೋತಾರೆ," ಎಂದರು. ಆ ಸಂಜೆ ಅವರು ನನ್ನ ಸೊಂಟಕ್ಕೆ ಬಿಸಿ ನೀರಿನ ಚೀಲ ಕಾಯಿಸಿ ಕೊಟ್ಟರು. ಬೈಯದೆ ಕೊಟ್ಟರು. ಅದರಿಂದಲೇ ವಿಷಯ ದೊಡ್ಡದೆಂದು ನನಗೆ ತಿಳಿಯಿತು.

ಮರುದಿನ ಕುರ್ಚಿ ಕಾರ್ಖಾನೆಯ ಯಜಮಾನರ ಕೋಣೆ ತಲುಪಿತು. ಕುರ್ಚಿಯ ಬೆನ್ನಿಗೆ ಬೆಸುಗೆ ಹಾಕುವ ಯಂತ್ರದ ಮೇಲೆ ಕೆಲಸ ಮಾಡುವವನಿಗೆ ಎಲ್ಲರೂ ಕರೆಯುವ ಹೆಸರು ಕಿಡಿ. ಬೆಸುಗೆ ಹಾಕುವಾಗ ಕಿಡಿ ಹಾರಿದರೆ ಅವನಿಗೆ ಖುಷಿ. ಕಿಡಿ ಇಲ್ಲದ ಬೆಸುಗೆ ಒಗ್ಗರಣೆ ಇಲ್ಲದ ಸಾರು ಎನ್ನುತ್ತಾನೆ. ಅತ್ತೆಗೆ ಕಿಡಿ ಕಂಡರಾಗದು. ಹಾರಿಹೋಗುವುದು ಒಳಗೇ ಉಳಿಯಬೇಕಾದ ಲೋಹ ಎಂಬುದು ಅವರ ವಾದ. ಹಿಂದೊಮ್ಮೆ ಅವನು ಕದ್ದು ಕರೆಂಟ್ ಏರಿಸಿ ಕಿಡಿ ಹಾರಿಸುತ್ತಿದ್ದಾಗ ಎಲ್ಲರ ಎದುರೇ ಬೈದು, ಅಂದಿನಿಂದ ಸೆಟ್ಟಿಂಗಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಬೈದಿದ್ದಕ್ಕೆ ಸೇಡು ತೀರಿಸ್ಕೊಂಡಿದ್ದಾನೆ," ಎಂದರು ಯಜಮಾನರು. "ಕರೆಂಟ್ ಇಳಿಸಿ, ಆಮೇಲೆ ಮತ್ತೆ ಮೊದಲಿನ ಹಾಗೆ ಇಟ್ಟಿದ್ದಾನೆ. ಬೀಗದ ಕೈ ಯಾವಾಗ್ಲೂ ನಿಮ್ಮ ಸೊಂಟದಲ್ಲೇ ಇರತ್ತಾ?"

ಊಟಕ್ಕೆ ಮುಂಚೆ ಕೈ ತೊಳೆಯುವಾಗ ಮೇಜಿನ ಮೇಲೆ ಇಡುತ್ತಾರೆ. ಅದನ್ನು ಅತ್ತೆ ಒಪ್ಪಿಕೊಂಡರು. ಇನ್ನೂ ಒಂದು ಮಾತು ಸೇರಿಸಿದರು: "ಅವನೇ ಇರ್ಬೇಕು. ಇನ್ಯಾರು?"

ಕಿಡಿಗೆ ನಾಳೆಯಿಂದ ಬರಬೇಡ ಎಂದಾಯಿತು. ವಾರದ ಕೊನೆಗೆ ಲೆಕ್ಕ ಮುಗಿಸಿ ಪೂರ್ತಿ ಕಳಿಸುವುದೆಂದೂ, ತಪ್ಪಿತಸ್ಥನನ್ನು ತೆಗೆದಿದ್ದೇವೆಂದು ಶಾಲೆಗೆ ಕೂಡಲೇ ಹೇಳುವುದೆಂದೂ ಯಜಮಾನರು ತೀರ್ಮಾನಿಸಿದರು. ಅವನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಆ ಊರಿನಲ್ಲಿ ಆ ಕೆಲಸದ ಕಾರ್ಖಾನೆ ಅದೊಂದೇ. ಬೇಕೆಂದು ಬೆಸುಗೆ ಕೆಡಿಸಿದವನು ಎಂಬ ಹೆಸರು ಹೊತ್ತವನಿಗೆ ಬೇರೆ ಊರಿನಲ್ಲೂ ಕೆಲಸ ಸಿಗುವುದಿಲ್ಲ.

ಅದರ ಮಾರನೆಯ ಸಂಜೆ ಕಿಡಿ ನಮ್ಮ ಬಾಗಿಲಿಗೆ ಬಂದ. ಒಳಗೆ ಬಾ ಎಂದರೂ ಬರದೆ ಹೊಸ್ತಿಲಾಚೆ ನಿಂತ.

"ದೊಡ್ಡಮ್ಮ, ನಾನು ಮುಟ್ಟಿಲ್ಲ."

"ಮುಟ್ಟದೆ ಹೇಗೋ ಇಳಿಯತ್ತೆ?"

"ನಂಗೇನ್ ಗೊತ್ತು? ಜಾಸ್ತಿ ಏರ್ಸಿದ್ದೆ ಅನ್ನಿ, ಒಪ್ಕೋತೀನಿ, ಕಾಲಿಗೆ ಬೀಳ್ತೀನಿ. ಇಳ್ಸಿದ್ದೆ ಅಂತೀರಲ್ಲ! ಕಿಡಿನೇ ಹಾರ್ದೆ ಇರೋ ಕೆಲಸ ನಾನು ಮಾಡ್ತೀನಾ? ನನ್ ಮರ್ಯಾದೆ ಏನಾಗ್ಬೇಕು?"

ಅತ್ತೆ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. ಅವರು ಮಾತಿಗೆ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇರೆ ಸಂದರ್ಭವಾಗಿದ್ದರೆ ಆನಂದಿಸುತ್ತಿದ್ದೆ. ಕಿಡಿ ಚಪ್ಪಲಿ ಮೆಟ್ಟಿಕೊಂಡು ಹೋದ. ಅತ್ತೆ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದರು.

"ಅವನು ಹೇಳಿದ್ದು ಸರಿ ಅನ್ಸತ್ತೆ ಅತ್ತೆ," ಎಂದೆ.

"ನಂಗೂ ಅನ್ಸತ್ತೆ. ಆದ್ರೆ ಪ್ಯಾನೆಲ್‌ನಲ್ಲಿ ನಾನಿಟ್ಟ ಅಂಕಿ ಇಟ್ಟ ಹಾಗೇ ಇದೆ. ಬೆಳಿಗ್ಗೆ ಕಿತ್ತು ನೋಡಿದ್ರೆ ತೂತು ಬರತ್ತೆ. ಎಲ್ಲಾ ಸರಿ ಇದೆ, ಕುರ್ಚಿ ಮಾತ್ರ ಸರಿ ಇಲ್ಲ. ಇದೆಂಥ ಕರ್ಮ!"

ಮರುದಿನ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆರೆದು ವಾರದ ಲೇಖನಕ್ಕೆ ಕೂತೆ. ಕುರ್ಚಿಯಿಂದ ಬಿದ್ದ ಪ್ರಸಂಗವನ್ನೇ ಬರೆಯುತ್ತಿದ್ದೆ. ಬಿದ್ದ ನೋವನ್ನು ಹಾಗೆ ವಸೂಲು ಮಾಡುವುದು ನಮ್ಮ ಕಸುಬಿನ ರೂಢಿ. ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಕೈಯಲ್ಲಿ ಬಟ್ಟೆ ಹಿಡಿದು ಅಲ್ಲಿದ್ದರು. ಅವರಿಗೆ ಜಗ್ಗುವುದು ಒಂದು ಚಟವಾದರೆ ಒರೆಸುವುದು ಇನ್ನೊಂದು. ಟಿವಿಯ ರಿಮೋಟು, ಸ್ವಿಚ್ಚು, ಕರೆಗಂಟೆಯ ಗುಂಡಿ, ಯಾವುದರ ಮೇಲೂ ಬೆರಳಿನ ಕಲೆ ಇರಕೂಡದು. ಮನಸ್ಸು ಸರಿಯಿಲ್ಲದ ದಿನ ಹೆಚ್ಚು ಒರೆಸುತ್ತಾರೆ.

ಅಂದು ನನ್ನ ಕೀಬೋರ್ಡ್ ಸಿಕ್ಕಿತ್ತು.

"ಅತ್ತೆ! ಅದು ಆನ್ ಆಗಿದೆ!"

ಅವರು ಕೈ ತೆಗೆದರು. ಪರದೆಯ ಮೇಲೆ ನನ್ನ ಲೇಖನ ಇರಲಿಲ್ಲ. ಅದರ ಜಾಗದಲ್ಲಿ ಮುಕ್ಕಾಲು ಪುಟ ಬರೀ 'ಮಮಮಮಮ' ಇತ್ತು. (ಲೇಖನ ಆಮೇಲೆ ಮರಳಿ ಸಿಕ್ಕಿತು. ಪ್ರಕಟವೂ ಆಯಿತು. ಮಮಮವೇ ಚೆನ್ನಾಗಿತ್ತೆಂದು ಹೆಂಡತಿಯ ಅಭಿಪ್ರಾಯ.)

ಅತ್ತೆ ಪರದೆಯನ್ನು ನೋಡಿದರು. ಕೈಯಲ್ಲಿದ್ದ ಬಟ್ಟೆಯನ್ನು ನೋಡಿದರು. "ಇದು ಇಷ್ಟೊಂದ್ಸಲ ಯಾಕೆ ಬಂತು?" ಎಂದು ಕೇಳಿದರು.

"ಆ ಕೀ ಮೇಲೆ ಏನೋ ಕಲೆ ಇತ್ತೇನೋ. ನೀವು ಅಲ್ಲೇ ಒತ್ತಿ ಉಜ್ಜಿದೀರಿ."

ಅವರು ಬಟ್ಟೆಯನ್ನು ಕೆಳಗೆ ಬಿಟ್ಟರು. ಕುರ್ಚಿ ಹಿಡಿದು ಕೂತರು. ನಾನು ಹೆದರಿ ನೀರು ಕೊಟ್ಟೆ. ಕುಡಿಯಲಿಲ್ಲ.

"ಏಳಿ ಅಳಿಯಂದ್ರೇ. ಕಾರ್ಖಾನೆಗೆ ಹೋಗಣ."

"ನಾನ್ಯಾಕೆ ಅತ್ತೆ?"

"ಏಳಿ ಅಂದ್ನಲ್ಲ."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವರು ಬಿಡಿಸಿ ಹೇಳಿದ್ದು ಇದು. ತಾಮ್ರದ ತುದಿಗಳು ಬೆಸುಗೆ ಹಾಕುತ್ತ ಹಾಕುತ್ತ ಸವೆದು, ಅಣಬೆಯ ತಲೆಯಂತೆ ಅಗಲವಾಗುತ್ತವೆ. ಅಗಲವಾದಷ್ಟೂ ಕರೆಂಟು ಹರಡಿಕೊಂಡು ಕಾವು ಸಾಲದಾಗುತ್ತದೆ. ಹಳೆಯ ಪ್ಯಾನೆಲ್‌ನಲ್ಲಿ ತಿರುಗಿಸುವ ನಾಬ್‌ಗಳಿದ್ದವು. ಆಗಾಗ ಇವರೇ ಕೈಯಾರೆ ಸ್ವಲ್ಪ ಏರಿಸುತ್ತಿದ್ದರು. ಈಚೆಗೆ ಬಂದ ಹೊಸ ಪ್ಯಾನೆಲ್ ಬೆಸುಗೆಗಳನ್ನು ತಾನೇ ಎಣಿಸಿ, ತುದಿ ಸವೆದ ಹಾಗೆಲ್ಲ ತಾನೇ ಕರೆಂಟ್ ಏರಿಸುತ್ತ ಹೋಗುತ್ತದೆ. ದಿನಾ ಮಧ್ಯಾಹ್ನದ ಚಹಾದ ಹೊತ್ತಿಗೆ ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡಿದ ಮೇಲೆ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಎಣಿಕೆ ಸೊನ್ನೆಗೆ ಬಂದು, ಕರೆಂಟೂ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆ ಗುಂಡಿಗೆ ಬೀಗವಿಲ್ಲ. ತುದಿ ಉಜ್ಜುವ ಯಾರಾದರೂ ಒತ್ತಬೇಕಲ್ಲ. ಉಜ್ಜಿದ ಕೈಯಲ್ಲೇ ಒತ್ತುವುದರಿಂದ ಇಡೀ ಪ್ಯಾನೆಲ್‌ನಲ್ಲಿ ಕಪ್ಪು ಹೆಬ್ಬೆಟ್ಟಿನ ಗುರುತು ಮೂಡುವುದೂ ಅದೊಂದರ ಮೇಲೆಯೇ.

"ಊಟ ಆದ ಮೇಲೆ ದಿನಾ ಪ್ಯಾನೆಲ್ ಒರೆಸ್ತೀನಿ," ಎಂದರು ಅತ್ತೆ. "ಹಳೇದಿದ್ದಾಗಿಂದ್ಲೂ ಅಭ್ಯಾಸ. ಆ ಗುಂಡಿನ ಜಾಸ್ತಿ ಉಜ್ತೀನಿ."

ಕಾರ್ಖಾನೆಯಲ್ಲಿ ಕೆಲಸ ಆಗಷ್ಟೇ ಶುರುವಾಗಿತ್ತು. ಅತ್ತೆ ಯಜಮಾನರನ್ನು ಕೋಣೆಯಿಂದ ಹೊರಗೆ, ಯಂತ್ರದ ಹತ್ತಿರಕ್ಕೇ ಕರೆಸಿದರು. ಕೆಲಸದವರೆಲ್ಲ ತಾವಾಗಿ ಸುತ್ತ ಸೇರಿದರು. ನಾನು ಅತ್ತೆಯ ಪಕ್ಕದಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ತಂಪು ನೀರಿನ ಕೊಳವೆಗಳು ನಮ್ಮ ಕಾಲ ಬಳಿ ಸಣ್ಣಗೆ ಕೊಳಕ್ ಕೊಳಕ್ ಎನ್ನುತ್ತಿದ್ದವು.

ಯಂತ್ರದಲ್ಲಿ ಹಿಂದಿನ ದಿನ ಚಹಾದ ಹೊತ್ತಿಗೆ ಉಜ್ಜಿದ ಮೇಲೆ ಮತ್ತೆ ಸವೆದ ತುದಿಗಳೇ ಇದ್ದವು. ಅತ್ತೆ ಎರಡು ತಗಡು ಇಟ್ಟು ಪೆಡಲ್ ಒತ್ತಿದರು. ಟಕ್. ತೆಗೆದು ಇಕ್ಕಳದಲ್ಲಿ ಸುಲಿದರು. ತೂತು ಬಿತ್ತು.

"ಸರಿಯಾಗಿದೆಯಲ್ಲ," ಎಂದರು ಯಜಮಾನರು.

ಅತ್ತೆ ಸೊಂಟದಿಂದ ಬಟ್ಟೆ ತೆಗೆದು ದಿನಾ ಮಾಡುವಂತೆ ಪ್ಯಾನೆಲ್ ಒರೆಸಿದರು. ಮೇಲೆ, ಪಕ್ಕ, ಕೆಳಗೆ. ಕಪ್ಪು ಗುರುತಿನ ಗುಂಡಿಯ ಮೇಲೆ ಒತ್ತಿ ಒತ್ತಿ ಉಜ್ಜಿದರು. ಎಣಿಕೆಯ ಅಂಕಿ ಒಮ್ಮೆ ಮಿನುಗಿ ಸೊನ್ನೆಯಾಯಿತು. ಮತ್ತೆರಡು ತಗಡು, ಮತ್ತೆ ಪೆಡಲ್, ಟಕ್. ಸದ್ದಿನಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಇಕ್ಕಳ ಹಚ್ಚಿದ್ದೇ ತಡ, ಅಂಗಿಯ ಸಡಿಲ ಗುಂಡಿ ಬಿಚ್ಚಿದಂತೆ ಎರಡೂ ಬೇರೆಯಾದವು.

ಯಜಮಾನರು ಎರಡೂ ತಗಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ನಾನೇ," ಎಂದರು ಅತ್ತೆ. "ಬೆಳಗಿನ ಕುರ್ಚಿ ಗಟ್ಟಿ. ಮಧ್ಯಾಹ್ನದ್ದು ಪೊಳ್ಳು. ಹೊಸ ಪ್ಯಾನೆಲ್ ಬಂದಾಗಿಂದ ಹೀಗೇ ಆಗಿದೆ. ಅವನನ್ನ ಕರೆಸಿ."

ಯಜಮಾನರು ಕೆಟ್ಟವರಲ್ಲ. ಅತ್ತೆಯ ಮುಖ ನೋಡಿ ಅವರಿಗೆ ಮರುಕವಾಗಿರಬೇಕು. ದನಿ ತಗ್ಗಿಸಿ, "ನೋಡಿ, ಶಾಲೆಯವರಿಗೆ ಅವನ ವಿಷಯ ಹೇಳಾಗಿದೆ," ಎಂದರು. "ಅವನನ್ನ ಸುಮ್ನೆ ವಾಪಸ್ ತಗೊಳ್ತೀನಿ. ಗುಂಡಿಗೊಂದು ಮುಚ್ಚಳ ಹಾಕ್ಸಣ. ನೀವು ಇಷ್ಟು ವರ್ಷ ಕಾಪಾಡ್ಕೊಂಡ ಹೆಸರು, ಯಾಕೆ ಸುಮ್ನೆ…"

"ಶಾಲೆಗೆ ಹೇಳಿದ ಹೆಸರು ತಿದ್ದಿ ಹೇಳಿ. ಅಲ್ಲಿವರೆಗೂ ಅವರ ಲೆಕ್ಕದಲ್ಲಿ ಅವನು ಬೇಕು ಅಂತ್ಲೇ ಕೆಡ್ಸಿದೋನು. ನಾನು ಬೇಕು ಅಂತ ಕೆಡ್ಸಿದೋಳಲ್ಲ, ತಿಳೀದೆ ಕೆಡ್ಸಿದೋಳು. ಆ ಹೆಸರು ನಾನು ತಡ್ಕೋತೀನಿ." ಆಮೇಲೆ, "ಕುರ್ಚಿ ಎಲ್ಲಾನೂ ನೋಡ್ಬೇಕು. ಇವತ್ತೇ. ಉಳಿ, ಸುತ್ತಿಗೆ ಕೊಡ್ಸಿ," ಎಂದರು.

ಯಾರೋ ಓಡಿಹೋಗಿ ಕಿಡಿಯನ್ನು ಕರೆತಂದರು. ಅವನು ವಿಷಯ ಕೇಳಿ ಪ್ಯಾನೆಲ್ ನೋಡಿದ, ಬಟ್ಟೆ ನೋಡಿದ, ಕೊನೆಗೆ ಅತ್ತೆಯನ್ನು ನೋಡಿದ.

"ಒರ್ಸಿದ್ದಾ ದೊಡ್ಡಮ್ಮ? ಒರ್ಸಿ ಒರ್ಸಿ?"

"ಹೂಂ ಕಣಪ್ಪ. ನಿನ್ನ ತಲೆ ಮೇಲೆ ಹಾಕ್ಬಿಟ್ಟೆ. ಅವನೇ ಇರ್ಬೇಕು ಅಂತ ನನ್ನ ಬಾಯಲ್ಲೇ ಬಂತು. ತಪ್ಪಾಯ್ತು."

ಕಿಡಿಯ ಕಣ್ಣು ತುಂಬಿಕೊಂಡಿತು. ಅದನ್ನು ಮುಚ್ಚಿಕೊಳ್ಳಲು ಅವನು ಗದರುವ ದನಿ ತಂದುಕೊಂಡ. "ಬಿಡಿ ಬಿಡಿ. ಮನೇಲಿ ಸುಮ್ನೆ ಕೂತಿದೀನಿ ಅಂತ ನನ್ ಹೆಂಡ್ತಿ ಕಿಟಕಿಯೆಲ್ಲಾ ಒರ್ಸಿದ್ಲು ನನ್ ಕೈಲಿ. ಒರೆಸೋದು ಎಂಥ ಕೆಟ್ಟ ಕೆಲ್ಸ ಅಂತ ನಂಗೂ ಗೊತ್ತಾಗಿದೆ. ಎಲ್ಲಿ, ಸುತ್ತಿಗೆ ತನ್ನಿ."

ಸುತ್ತ ನಿಂತವರು ಆಗ ನಕ್ಕರು. ಅತ್ತೆ ನಗಲಿಲ್ಲ, ಅವನ ಭುಜದ ಮೇಲೆ ಒಮ್ಮೆ ಕೈಯಿಟ್ಟು, ಒತ್ತಿ, ಸ್ವಲ್ಪ ಹೊತ್ತು ಹಿಡಿದು ಬಿಟ್ಟರು.

ಅಂದು ಶಾಲೆಯ ಮಕ್ಕಳು ನೆಲದ ಮೇಲೆ ಕೂತು ಪಾಠ ಕೇಳಿದರು. ಬಹಳ ಖುಷಿಯಾಗಿದ್ದರು. ಅಂಗಳದಲ್ಲಿ ಕುರ್ಚಿಗಳ ಸಾಲು. ಕಿಡಿ ಪ್ರತಿ ಬೆಸುಗೆಯ ಪಕ್ಕ ತೆಳು ಉಳಿಯನ್ನು ತಗಡುಗಳ ನಡುವೆ ತೂರಿಸಿ ಬಡಿಯುತ್ತಿದ್ದ. ತಡೆದುಕೊಂಡದ್ದನ್ನು ಅತ್ತೆ ಮತ್ತೆ ಸುತ್ತಿಗೆಯಿಂದ ತಟ್ಟಿ ಸಪಾಟು ಮಾಡುತ್ತಿದ್ದರು. ಬಿಟ್ಟುಕೊಂಡದ್ದು ಲಾರಿಗೆ ಹೋಗುತ್ತಿತ್ತು. ಕುರ್ಚಿಗಳನ್ನು ಹೊತ್ತು ತರುವ, ಹೊತ್ತು ಇಡುವ ಕೆಲಸ ನನ್ನದು. ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಗುರುತಿಸಿ, ಲೇಖಕರು ಇಷ್ಟು ಸರಳ ಎಂದು ಗೊತ್ತಿರಲಿಲ್ಲ ಎಂದರು. ನಾನು ವಿನಯದಿಂದ ನಿಂತೇ ಇದ್ದೆ.

ಅತ್ತೆ ಅವರ ಮುಂದೆ ಹೋಗಿ ನೇರವಾಗಿ ಹೇಳಿದರು: "ಆ ಹುಡುಗ ಏನೂ ಮಾಡಿಲ್ಲ ಮೇಡಂ. ಕೆಡಿಸಿದ್ದು ನಾನು. ಸರಿ ಮಾಡೋದೂ ನಾನೇ." ಮುಖ್ಯೋಪಾಧ್ಯಾಯಿನಿಯವರು ಎಲ್ಲರಿಗೂ ಚಹಾ ತರಿಸಿದರು. ಕಿಡಿ ಎರಡು ಲೋಟ ಕುಡಿದ. ಅವನು ಬಡಿದ ಸದ್ದಿನ ತಾಳಕ್ಕೆ ಒಳಗೆ ಒಂದು ತರಗತಿ ಮಗ್ಗಿ ಹೇಳುತ್ತಿತ್ತು. ಅಳುಕುತ್ತ ಅಲ್ಲಿಗೆ ಹೋಗಿದ್ದ ನಾನು, ಆ ಮಕ್ಕಳ ಬದಲು ನಾನೇ ಬಿದ್ದೆನಲ್ಲ, ಬಿದ್ದುದನ್ನು ಕೇಳಿ ಮೊದಲು ಕುರ್ಚಿಯನ್ನು ವಿಚಾರಿಸುವಂಥವರು ನನ್ನ ಮನೆಯಲ್ಲಿದ್ದರಲ್ಲ ಎಂದುಕೊಂಡು, ಕೈಯಲ್ಲಿದ್ದ ಕುರ್ಚಿಯನ್ನು ಸ್ವಲ್ಪ ಮೆಲ್ಲಗೇ ಕೆಳಗಿಟ್ಟೆ.

ಸಂಜೆ ಬಸ್ಸಿನಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತು ಮನೆಗೆ ಹೊರಟೆವು. ಅತ್ತೆಯ ಬೆರಳುಗಳ ತುದಿಯಲ್ಲಿ ಕುರ್ಚಿಯ ಹಸಿರು ಬಣ್ಣ ಅಂಟಿತ್ತು. ಒರೆಸಿಕೊಂಡಿರಲಿಲ್ಲ. ಬೆಳಗಿನಿಂದ ನನ್ನ ನಾಲಿಗೆಯ ಮೇಲಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದೆ.

"ಅಷ್ಟು ಜನರ ಮುಂದೆ 'ನಾನೇ' ಅಂದ್ರಲ್ಲ ಅತ್ತೆ, ಹೆದರಿಕೆ ಆಗ್ಲಿಲ್ವಾ?"

"ಆಯ್ತು," ಎಂದರು ಅತ್ತೆ, ಕಿಟಕಿಯಾಚೆ ನೋಡುತ್ತ. "ಅದಕ್ಕೇ ನಿಮ್ಮನ್ನ ಕರ್ಕೊಂಡು ಹೋಗಿದ್ದು. ಪಕ್ಕದಲ್ಲಿ ನಿಮ್ಮಷ್ಟು ಹೆದರ್ಕೊಂಡೋರು ಒಬ್ರು ನಿಂತಿದ್ರೆ, ನೋಡೋರಿಗೆ ನಾನು ಧೈರ್ಯವಾಗಿದೀನಿ ಅನ್ಸತ್ತೆ."